ಟಿಟ್ಟಿಭದ ಪಕ್ಕದ ಡಬ್ಬಿ

ಹೋಳೂರಿನಾಚೆ, ಪಾಲಾರ್ ದಂಡೆಯ ಕಾಲುದಾರಿ ಹಕ್ಕಿಕೆರೆಯ ಜೌಗಿಗೆ ಇಳಿಯುವಲ್ಲಿ ಒಂದು ಕಲ್ಲುಗುಪ್ಪೆ. ಎರಡು ಸಾವಿರದ ಆರರ ಬೇಸಿಗೆಯಲ್ಲಿ ಮುಳಬಾಗಿಲಿನ ಆಡಿಟರ್ ಮಾಧವ್ ಅದರೊಳಗೆ ಸ್ಟೀಲ್ ಡಬ್ಬಿಯೊಂದನ್ನು ಬಚ್ಚಿಟ್ಟ. ಜನ ಅಂಗೈಯಗಲದ ಯಂತ್ರ ಹಿಡಿದು, ಉಪಗ್ರಹ ತೋರಿಸಿದಲ್ಲಿಗೆ ಬಂದು, ಡಬ್ಬಿ ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಹೋಗುತ್ತಾರೆ, ಇದೊಂದು ಆಟ ಎಂದು ಕೆರೆಯ ಕಾವಲುಗಾರ ಮುನಿಕೃಷ್ಣಪ್ಪನಿಗೆ ತಿಳಿಸಿದ. ಕಳೆದುಕೊಳ್ಳದ್ದನ್ನು ಹುಡುಕಲು ಪೆಟ್ರೋಲ್ ಸುಡುವವರನ್ನು ತಡೆಯಲು ತಾನ್ಯಾರು ಎಂದು ಮುನಿಕೃಷ್ಣಪ್ಪ ಒಪ್ಪಿಕೊಂಡ.

ವಾರ ಕಳೆಯುವಷ್ಟರಲ್ಲಿ ಟಿಟ್ಟಿಭ ಹಕ್ಕಿಯೊಂದು ಗುಪ್ಪೆಯ ಪಕ್ಕದ ಬರಿನೆಲದಲ್ಲಿ ನಾಲ್ಕು ಮೊಟ್ಟೆ ಇಟ್ಟಿತು. ಮೊಟ್ಟೆಯೋ, ಥೇಟ್ ಬೆಣಚುಕಲ್ಲು. ಮುನಿಕೃಷ್ಣಪ್ಪ ಡಬ್ಬಿಯನ್ನು ದೂರದ ಹೊಂಗೆಯ ಬುಡಕ್ಕೆ ಸಾಗಿಸಿದ. ಯಂತ್ರಕ್ಕೆ ಅದು ಗೊತ್ತಾಗಬೇಕಲ್ಲ! ಮುಂದಿನ ಭಾನುವಾರ ಬಂದವರು ಗುಪ್ಪೆಯ ಕಲ್ಲುಗಳನ್ನೆಲ್ಲ ಮಗುಚಿದರು. ಒಬ್ಬನ ಬೂಟು ಮೊಟ್ಟೆಗೆ ಗೇಣು ದೂರದಲ್ಲಿ ಊರಿತು. ಅಂದಿನಿಂದ ಮುನಿಕೃಷ್ಣಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯಲ್ಲೇ ಕೂರತೊಡಗಿದ.

"ಏಮಯ್ಯಾ, ಹಕ್ಕಿ ಬಾಣಂತನ ನೀನೇ ಮಾಡ್ತೀಯಾ?" ಎಂದಳು ಮುದ್ದೆ ತಂದ ಹೆಂಡತಿ ಚಿಕ್ಕಗಂಗಮ್ಮ.

"ಮಾಡ್ತೀನಿ ಕಣೇ. ಹೋದ್ವರ್ಷ ಎಮ್ಮೆ ತುಳೀತು. ಈ ಸಲ ಓದಿದೋರು ತುಳಿಯೋದು ಬ್ಯಾಡ."

ಅವಳು ಹೊರಟ ಮೇಲೆ ಅವನು ಉಂಡು, ಕೆರೆಗೆ ಕೈ ತೊಳೆಯಲು ಹೋದ ಹೊತ್ತಿಗೇ ಮಾಲೂರಿನ ವಂಶಿಕೃಷ್ಣ, ಸುಮೇಧಾ ದಂಪತಿ ಯಂತ್ರ ನೋಡುತ್ತ ಬಂದೇಬಿಟ್ಟರು. ಟಿಟ್ಟಿಭ ಕಿರುಚುತ್ತ ಮೇಲೆದ್ದಿತು. ಸುಡುಮಧ್ಯಾಹ್ನ, ತಾಯಿಯ ನೆರಳು ತಪ್ಪಿದರೆ ಮೊಟ್ಟೆ ಬೆಂದೇಹೋಗುತ್ತದೆ.

"ಅಲ್ಲೇ ನಿಂತ್ಕಳ್ಳಿ! ಡಬ್ಬಿ ಇಲ್ಲೈತೆ!" ಎನ್ನುತ್ತ ಮುನಿಕೃಷ್ಣಪ್ಪ ಡಬ್ಬಿ ಎತ್ತಿಹಿಡಿದು ಓಡಿಬಂದು, ಇಬ್ಬರನ್ನೂ ಹೊಂಗೆಯವರೆಗೆ ಹಿಂದಕ್ಕೆ ಕರೆದೊಯ್ದು, ಮೊಟ್ಟೆಯ ಸಂಗತಿ ಹೇಳಿದ.

ಸುಮೇಧಾ ಡಬ್ಬಿ ಮುಟ್ಟಲಿಲ್ಲ. "ಪಾಪ, ಗೊತ್ತಾಗ್ಲಿಲ್ಲಪ್ಪ. ಆದ್ರೆ ಕೈಗೇ ಕೊಟ್ಬಿಟ್ರೆ ಅದ್ಯಾವ ಆಟ?"

"ನಲವತ್ತು ಕಿಲೋಮೀಟರ್ ಬೈಕಲ್ಲಿ ಬಂದಿದೀವಿ," ಎಂದ ವಂಶಿಕೃಷ್ಣ, ದೂರು ಕೊಡುವವನಂತೆ.

ಮುನಿಕೃಷ್ಣಪ್ಪ ತಲೆ ಕೆರೆದುಕೊಂಡ. "ಸರಿ, ಹಂಗಾರೆ ಇಬ್ರೂ ಮರದ ಕಡೆ ತಿರುಗಿ ಕಣ್ಮುಚ್ಕಳ್ಳಿ. ಬಚ್ಚಿಡ್ತೀನಿ. ಕದ್ದು ನೋಡ್ಬಾರ್ದು, ಅಮ್ಮಾ."

"ನಾನಲ್ಲ, ಇವ್ರೇ ನೋಡೋದು!"

"ಲೇ, ನಾನ್ಯಾವಾಗ ನೋಡ್ದೆ?"

ನಗುತ್ತಲೇ ಇಬ್ಬರೂ ಹೊಂಗೆಗೆ ಮುಖ ಒತ್ತಿ ನಿಂತರು. ಮುನಿಕೃಷ್ಣಪ್ಪ ಡಬ್ಬಿಯನ್ನು ಜೊಂಡಿನ ಮರೆಗೆ ಸೇರಿಸಿದವನು ಹಿಂದಿರುಗಿ ನೋಡಿದ. ಕಿರುಚಾಟ ನಿಂತಿತ್ತು. ಹಕ್ಕಿ ನೆಲಕ್ಕಿಳಿದು ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಮತ್ತೆ ಓಡುವುದು.

"ಆಯ್ತಾ, ಯಜಮಾನ್ರೇ?" ಮರದ ಕಡೆಯಿಂದ ಸುಮೇಧಾಳ ದನಿ.

"ಶ್! ಇನ್ನೂ ಇಲ್ಲ. ಅಳ್ಳಾಡ್ಬೇಡಿ."

ಇಬ್ಬರೂ ಅಲ್ಲಾಡಲಿಲ್ಲ. ಟಿಟ್ಟಿಭ ರೆಕ್ಕೆ ಸಡಿಲಿಸಿ, ಮೊಟ್ಟೆಗಳ ಮೇಲೆ ಮೆಲ್ಲಗೆ ಮೈಯಿಳಿಸಿ ಕುಳಿತಿತು.

"ಆಯ್ತು," ಎಂದ ಮುನಿಕೃಷ್ಣಪ್ಪ. ಅವರಿಗೆ ಕೇಳಿಸದಷ್ಟು ಮೆಲ್ಲಗೆ.