ಎಷ್ಟು ಗಂಟೆ ಮಲಗಿದ್ದೆ?

ದಾರದ ಕಾರ್ಖಾನೆಯ ಬಣ್ಣ ಹೊಂದಿಸುವ ಕೋಣೆಗೆ ಕಾಲಿಡುವ ಮುನ್ನ ಬಾಗಿಲ ಬಳಿಯ ಪುಸ್ತಕದಲ್ಲಿ ಎರಡು ವಿಷಯ ಬರೆಯಬೇಕು: ಒಂದು ಹೆಸರು, ಇನ್ನೊಂದು ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದೆವು ಎಂಬುದು. ಇದು ನನಗೆ ಗೊತ್ತಿರಲಿಲ್ಲ. ಪೆನ್ನು ಹಿಡಿದು ನಿಂತೆ. ಎಂಟು ಎಂದು ಬರೆದುಬಿಡಲೇ? ಸುಳ್ಳು ಹೇಳುವುದಕ್ಕೂ ಒಂದಿಷ್ಟು ಧೈರ್ಯ ಬೇಕು. ನನ್ನಲ್ಲಿ ಅದೂ ಇಲ್ಲ. ‘ಎರಡು’ ಎಂದು ಬರೆದೆ.

ಆ ಕೋಣೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಅವರು ಮೊದಲು ಪುಸ್ತಕ ನೋಡಿದರು, ಆಮೇಲೆ ನನ್ನ ಮುಖ.

“ಎರಡಾ? ಮನೇಲಿ ಎಳೇ ಮಗು ಇದೆಯಾ?”

“ಇಲ್ಲ. ಅಭ್ಯಾಸ ಮಾಡ್ತಿದ್ದೆ.”

ಪದವಿ ಮುಗಿದ ಮೇಲೆ ನಾಲ್ಕು ಸಂದರ್ಶನಗಳಿಗೆ ಹೋಗಿದ್ದೆ. ನಾಲ್ಕರಲ್ಲೂ ನಾಲಿಗೆ ಕೈಕೊಟ್ಟಿತ್ತು. ಇಲ್ಲಿಯ ಕೆಲಸದ ಪರೀಕ್ಷೆಗೆ ಮಾತೇ ಬೇಡ. ಮೂವತ್ತಾರು ಬೂದು ದಾರದ ಉರುಳೆಗಳನ್ನು, ನೀಲಿ ಬೆರೆತ ಬೂದಿನಿಂದ ಹಸಿರು ಬೆರೆತ ಬೂದಿನವರೆಗೆ, ಸಾಲಾಗಿ ಜೋಡಿಸಿದರೆ ಸಾಕು. ನನಗೆಂದೇ ಯಾರೋ ಹೊಲಿದಿಟ್ಟಂಥ ಕೆಲಸ! ಆ ಹುರುಪಿನಲ್ಲಿ ಮೂರು ರಾತ್ರಿ ದೀಪದ ಕೆಳಗೆ ದಾರದ ತುಂಡುಗಳನ್ನು ಹರಡಿಕೊಂಡು ಕೂತಿದ್ದೆ.

“ಕಿಟಕಿ ಹತ್ರ ಬಾ. ಎಡಗಣ್ಣಿನ ರೆಪ್ಪೆ ಕುಣೀತಿದೆ. ಉರಿ ಇದೆಯಾ?”

“ಸ್ವಲ್ಪ. ಮರಳು ಬಿದ್ದ ಹಾಗೆ.”

ಎರಡು ಉರುಳೆ ಎತ್ತಿ ಹಿಡಿದರು. “ಯಾವುದರಲ್ಲಿ ನೀಲಿ ಜಾಸ್ತಿ?”

ನನಗೆ ಎರಡೂ ಒಂದೇ. ಕಣ್ಣು ಕಿರಿದುಗೊಳಿಸಿದರೆ ಅಂಚುಗಳೂ ಮಂಜಾದವು.

“ರೆಪ್ಪೆ ಮುಚ್ಚಿ ಮಲಗಿದಾಗಲೇ ಕಣ್ಣು ಪಸೆ ತುಂಬ್ಕೊಂಡು ಸುಧಾರಿಸ್ಕೊಳ್ಳೋದು. ತಲೇನೂ ಅಷ್ಟೇ. ನೀನು ಎರಡಕ್ಕೂ ಬಿಡುವೇ ಕೊಟ್ಟಿಲ್ಲ. ಒಂದ್ಸಲ ನಾನೇ ನಿದ್ದೆಗೆಟ್ಟು ಬಂದು ಒಂದು ಲಾರಿ ಬೂದು ದಾರಾನ ಪಾಚಿ ಬಣ್ಣ ಮಾಡಿಟ್ಟಿದ್ದೆ. ಆವತ್ತಿಂದ ಈ ಪುಸ್ತಕ. ಹೋಗು, ಇವತ್ತು ನಿನಗೆ ಪರೀಕ್ಷೆ ಇಲ್ಲ.”

ಇನ್ನೂ ಮೂವರು ಕಾದಿದ್ದರು. ಖಾಲಿ ಇರುವುದು ಒಂದೇ ಜಾಗ. ಆಗ ಯಾರೋ ಗಟ್ಟಿಯಾಗಿ “ನಾಳೆ ಬರ್ಲಾ?” ಎಂದರು. ನೋಡಿದರೆ ನಾನೇ!

“ಈ ಮೂವರಲ್ಲಿ ಯಾರದ್ದಾದ್ರೂ ತಪ್ಪು ನಾಲ್ಕಕ್ಕಿಂತ ಕಮ್ಮಿ ಆದ್ರೆ ಕೆಲಸ ಅವರದು. ಇಲ್ಲಾಂದ್ರೆ ನಾಳೆ ಒಂಬತ್ತಕ್ಕೆ ಬಾ. ಮಲಗಿ ಬಾ.”

ಮನೆಗೆ ಬಂದಾಗ ಅಣ್ಣ ಶೂ ಪಾಲಿಶ್ ಮಾಡುತ್ತಿದ್ದ.

“ಬಂದ್ಳಪ್ಪ ಗೂಬೆರಾಣಿ! ಪರೀಕ್ಷೆ ಬರೆಯೋಕೆ ಮುಂಚೆನೇ ಫೇಲಾ?”

“ನಿದ್ದೆ ಮಾಡಿ ಬಾ ಅಂದ್ರು.”

“ಅಯ್ಯೋ, ಆ ಕೆಲಸಕ್ಕೆ ನನ್ನನ್ನ ಕಳಿಸ್ಬಾರ್ದಿತ್ತಾ!”

“ನೀನು ಬಾಯ್ಮುಚ್ಚೋ,” ಎಂದ ಅಮ್ಮ ನನ್ನ ಫೋನನ್ನು ಬೀರುವಿಗೆ ಹಾಕಿ ಬೀಗ ಜಡಿದಳು. ಮಧ್ಯಾಹ್ನದ ಮೇಲೆ ಚಹಾ ಕೂಡ ಇಲ್ಲ. ಸಂಜೆ ಏಳಕ್ಕೇ ಪರದೆ ಎಳೆದಳು. ನಿದ್ದೆ ಎಲ್ಲಿಂದ ಬರಬೇಕು? ಆ ಮೂವರಲ್ಲಿ ಯಾರೋ ನನ್ನ ಕುರ್ಚಿಯಲ್ಲಿ ಆಗಲೇ ಕೂತಿರಬಹುದು. ಹೊರಳಿ ಹೊರಳಿ ಹೊದಿಕೆ ಹಗ್ಗವಾಯಿತು. ಕೊನೆಗೆ ಅಮ್ಮ ಮಂಚದ ಅಂಚಿಗೆ ಕೂತು ತನ್ನ ಚಿಕ್ಕಮ್ಮನ ಮಗಳ ಮಾವ ಮನೆ ಕಟ್ಟಿಸಿದ ಕಥೆ ತೆಗೆದಳು. ತಳಪಾಯ ಮುಗಿದದ್ದು ನೆನಪಿದೆ. ಗೋಡೆ ಏಳುವಷ್ಟರಲ್ಲಿ ನಾನಿರಲಿಲ್ಲ.

ಕಣ್ಣು ಬಿಟ್ಟಾಗ ಬೆಳಿಗ್ಗೆ ಆರು. ರೆಪ್ಪೆ ತೆಪ್ಪಗಿತ್ತು. ಗೋಡೆಯ ಬಿಳಿಯ ಅಡಿಯಲ್ಲಿ ಹಳೆಯ ಹಳದಿ ಇಣುಕುತ್ತಿತ್ತು! ಅಮ್ಮನ ಬಿಳಿ ಲೋಟ ಬಿಳಿಯಲ್ಲ, ತುಸು ಗುಲಾಬಿ! ಬೀದಿಯುದ್ದಕ್ಕೂ ಬಾಗಿಲುಗಳ ಬಣ್ಣ ನೋಡುತ್ತ, ಜಾಗ ಇರಲಪ್ಪಾ ಎಂದುಕೊಳ್ಳುತ್ತ ಓಡಿದೆ.

ಪುಸ್ತಕದಲ್ಲಿ ‘ಹತ್ತು’ ಎಂದು ಬರೆದಾಗ ದೊಡ್ಡಮ್ಮ ಹುಬ್ಬೇರಿಸಿದರು. “ಒಬ್ಬರದು ಸರಿಯಾಗಿ ನಾಲ್ಕು ತಪ್ಪು. ಪಾಪ, ಕೂದಲೆಳೆಯಲ್ಲಿ ಹೋಯ್ತು. ಹೂಂ, ಕೂತ್ಕೋ. ಇಪ್ಪತ್ತು ನಿಮಿಷ.”

ಉರುಳೆಗಳನ್ನು ಮೇಜಿನ ಮೇಲೆ ಸುರಿದರು. ನಿನ್ನೆಯ ಕಣ್ಣಿಗೆ ಬರೀ ಬೂದಿಯ ರಾಶಿಯಾಗಿರುತ್ತಿದ್ದದ್ದು ಇಂದು ಒಂದು ಮನೆತನದಂತೆ ಕಂಡಿತು: ಅಕ್ಕ, ತಂಗಿ, ದೂರದ ಸೋದರತ್ತೆ! ಬೆರಳುಗಳು ತಾವಾಗಿಯೇ ಓಡಿದವು. ಮಧ್ಯದಲ್ಲಿ ಎರಡು ಮಾತ್ರ ಅವಳಿಜವಳಿ. ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು, ಮನಸ್ಸು ಹೇಳಿದಂತೆ ಇಟ್ಟೆ.

ದೊಡ್ಡಮ್ಮ ಒಂದೊಂದನ್ನೇ ಮಗುಚಿ ಅಡಿಯಲ್ಲಿದ್ದ ಸಂಖ್ಯೆ ಓದಿದರು. ಹದಿನೈದು, ಹದಿನಾರು, ಹದಿನೆಂಟು, ಹದಿನೇಳು... ಅಯ್ಯೋ, ಅದೇ ಅವಳಿಜವಳಿ! ಮೂವತ್ತಾರರವರೆಗೆ ಬೇರೆ ತಪ್ಪಿರಲಿಲ್ಲ.

“ಒಂದೇ ತಪ್ಪು. ಆ ಜೋಡಿ ನನಗೂ ಆಟ ಆಡಿಸತ್ತೆ. ಕೆಲಸ ನಿನ್ನದು.”

ಕುಣಿಯಬೇಕೆನಿಸಿತು, ಕುರ್ಚಿಯ ಅಂಚು ಗಟ್ಟಿಯಾಗಿ ಹಿಡಿದೆ. ಅಷ್ಟರಲ್ಲಿ ಅವರು ಒಂದು ಕೋಟಿನ ಬಟ್ಟೆಯ ತುಂಡನ್ನೂ ಆಗಷ್ಟೇ ಬಣ್ಣದಿಂದ ತೆಗೆದ ಒದ್ದೆ ದಾರವನ್ನೂ ಕೈಗಿಟ್ಟರು.

“ಇವೆರಡು ಹೊಂದ್ತಾವಾ ಹೇಳು. ಕೆಳಗೆ ಬಣ್ಣದ ಹಂಡೆ ಕುದೀತಿದೆ.”

“ಇವತ್ತಿಂದಲೇನಾ?”

“ಮತ್ತೆ? ಕೆಲಸಕ್ಕೆ ಸೇರಿ ಎರಡು ನಿಮಿಷ ಆಯ್ತು, ಆಗ್ಲೇ ತಡ ಮಾಡ್ತಿದೀಯ.”

ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಆಮೇಲೆ ಕಿಟಕಿಯಿಂದ ಬಗ್ಗಿ, ಕೆಳಗೆ ಹಂಡೆಯ ಬಳಿ ಕೋಲು ಹಿಡಿದು ನಿಂತ ಕೆಲಸಗಾರನಿಗೆ ಕೇಳುವಂತೆ ಕೂಗಿದೆ: “ಅಣ್ಣಾ, ಹಸಿರು ಜಾಸ್ತಿ ಆಗಿದೆ, ತಡೀರಿ!”