ರೇಣವ್ವನ ನಾಲ್ಕನೆಯ ಇಯತ್ತೆ

ನಮ್ಮ ಅಣ್ಣ ಮಾಳಿಂಗಪ್ಪನ ಮಗಳು ರೇಣವ್ವ ಒಂಬತ್ತು ವರ್ಷ ತುಂಬುವವರೆಗೂ ಶಾಲೆಯ ಕಟ್ಟೆ ಹತ್ತಿರಲಿಲ್ಲ. ಅಣ್ಣ, ಅತ್ತಿಗೆ ಕುರಿ ಹಿಂಡಿನ ಹಿಂದೆ ವರ್ಷದಲ್ಲಿ ಎಂಟು ತಿಂಗಳು ತಿರುಗುವವರು. ಇವತ್ತು ಡೋಣಿ ಹೊಳೆಯ ದಂಡೆ, ಮುಂದಿನ ವಾರ ಭೀಮೆಯ ದಂಡೆ. ಹಿಂಡಿನ ಜೊತೆ ಹುಡುಗಿಯೂ ಹೋಗುತ್ತಿದ್ದಳು.

ಎಪ್ಪತ್ತಾರನೆಯ ಇಸವಿಯ ಕಾರಹುಣ್ಣಿಮೆಗೆ ಅತ್ತಿಗೆ ಹಟ ಹಿಡಿದು ಅವಳನ್ನು ಮನಗೂಳಿಯ ನಮ್ಮ ಮನೆಯಲ್ಲಿ ಬಿಟ್ಟಳು. ನಾನು ಮರುದಿನವೇ ಸೈಕಲ್ ರಿಪೇರಿ ಅಂಗಡಿ ಮುಚ್ಚಿ ಅವಳನ್ನು ಶಾಲೆಗೆ ಕರೆದುಕೊಂಡು ಹೋದೆ. ಹೆಡ್ ಮಾಸ್ತರ ಗುರಣ್ಣನವರು ವಯಸ್ಸು ಎಷ್ಟೇ ಆಗಿರಲಿ, ಅಕ್ಷರ ಬಾರದವರಿಗೆ ಒಂದನೆಯ ಇಯತ್ತೆಯೇ ಎಂದರು. ರೇಣವ್ವ ಬಾಗಿಲಲ್ಲಿ ನಿಂತು ಒಳಗೆ ಇಣುಕಿದಳು. ಆರು ವರ್ಷದ ಕೂಸುಗಳು, ಅರ್ಧ ಜನಕ್ಕೆ ಮೂಗು ಸೋರುತ್ತಿತ್ತು, ಒಬ್ಬನಿಗೆ ಚಡ್ಡಿಯೂ ಇರಲಿಲ್ಲ.

"ಕಾಕಾ, ಇವರ ಸಂಗಾಟ ಕುಂಡ್ರೂದಕ್ಕಿಂತ ಕುರಿಮರಿ ಸಂಗಾಟ ಕುಂಡ್ರತೇನಿ," ಎಂದಳು.

ಆಗ ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು. ಒಂದು ವರ್ಷ ಮನೆಯಲ್ಲಿ ನಾನೇ ಕಲಿಸುತ್ತೇನೆ, ಮುಂದಿನ ವರ್ಷ ಪರೀಕ್ಷೆ ಮಾಡಿ ನಾಲ್ಕನೆಯ ಇಯತ್ತೆಗೆ ಸೇರಿಸಿಕೊಳ್ಳಿ ಎಂದುಬಿಟ್ಟೆ. ಮಾಸ್ತರರು ನಕ್ಕು ಒಪ್ಪಿದರು. ಜೊತೆಗೆ ಬಂದಿದ್ದ ಅಣ್ಣ ನಗಲಿಲ್ಲ. ಪರೀಕ್ಷೆ ಆಗದಿದ್ದರೆ ಹುಡುಗಿ ಹಿಂಡಿನ ಹಿಂದೆ ವಾಪಸ್ಸು ಬರಬೇಕು, ಆಮೇಲೆ ಶಾಲೆಯ ಮಾತು ಎತ್ತಬಾರದು ಎಂದ.

ಮನೆಗೆ ಬರುವಷ್ಟರಲ್ಲಿ ನನ್ನ ಧೈರ್ಯವೆಲ್ಲ ಇಳಿದಿತ್ತು. ನಾನು ಕಲಿತಿದ್ದೇ ಬಿಜಾಪುರದ ರಾತ್ರಿ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ, ಅದೂ ತೂಕಡಿಸುತ್ತ. ನನಗೆ ಗೊತ್ತಿರುವುದೇ ಸರಿಯೋ ತಪ್ಪೋ ಎಂಬ ಅನುಮಾನ ಇದ್ದವನು ಇನ್ನೊಬ್ಬರಿಗೆ ಏನು ಕಲಿಸಲಿ? ಒಂದು ನೋಟ್‌ಬುಕ್ ತಂದು ದಿನದ ಪಾಠ ಬರೆದಿಟ್ಟುಕೊಂಡೆ. ಪಾಟಿ ತಂದೆ, ಬಳಪ ತಂದೆ. ಬಳಪ ಪಾಟಿಯ ಮೇಲೆ ಕಿರ್ ಎಂದಾಗಲೆಲ್ಲ ರೇಣವ್ವ ಹಲ್ಲು ಕಚ್ಚಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಎಂಟು ದಿನಕ್ಕೆ 'ಅ' ಕೂಡ ಆಗಲಿಲ್ಲ. ಪಂಚಮಿ ಕಳೆಯಲಿ, ಆಮೇಲೆ ನೋಡೋಣ ಎಂದು ಪಾಟಿಯನ್ನು ಅಟ್ಟದ ಮೇಲೆ ಇಟ್ಟೆ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಅವ್ವ ಹುಚ್ಚವ್ವ ಹಳ್ಳದಿಂದ ಕರಿ ಮಣ್ಣು ತರಿಸಿ ಮೊಮ್ಮಗಳನ್ನು ಮುಂದೆ ಕೂಡಿಸಿಕೊಂಡಳು. ಎರಡು ಎತ್ತು, ಎಂಟು ಕಾಲು, ನಾಲ್ಕು ಕೊಂಬು. ಓಣಿಯ ಐದು ಮನೆಗೆ ಎತ್ತು ಮಾಡಿಕೊಟ್ಟರೆ ಕಾಲು ಎಷ್ಟು, ಕೊಂಬು ಎಷ್ಟು? ಅವ್ವ ಲೆಕ್ಕ ಕಲಿಸಬೇಕೆಂದು ಕೇಳಿದ್ದಲ್ಲ, ಮಣ್ಣು ಸಾಲದೆ ಹೋದೀತೆಂದು ಕೇಳಿದ್ದು. ರೇಣವ್ವ ಹೇಳಿದ ಲೆಕ್ಕ ಸರಿಯಿತ್ತು. ನಾನು ಆ ದಿನದ ಪಾಠ ಹೊಡೆದುಹಾಕಿ ಇದನ್ನು ಬರೆದುಕೊಂಡೆ.

ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನ ಪೂಜೆ ಬಂತು. ಮಣ್ಣಿನ ಗುಳ್ಳವ್ವನ ಮೈಗೆ ಕುಸುಬಿ ಕಾಳು, ಗುಲಗಂಜಿ ಸಾಲಾಗಿ ಒತ್ತಬೇಕು. ಏಳೇಳು ಕಾಳಿನ ಸಾಲು ಒತ್ತುತ್ತ ರೇಣವ್ವ ಏಳರ ಮಗ್ಗಿ ಮುಗಿಸಿದಳು. ಪಂಚಮಿಯ ಜೋಕಾಲಿಗೆ ಹಗ್ಗ ಅಳೆಯುವಾಗ ಮೊಳ, ಮಾರು, ಮೀಟರು ಬಂದವು. ಹಿಂಗಾರಿ ಬಿತ್ತುವಾಗ ಮಳೆಯ ಹೆಸರು ಹೇಳಿಕೊಡಲು ಹೋದೆ. ಕುರಿಯ ಹಿಂದೆ ತಿರುಗಿದವಳಿಗೆ ಇಪ್ಪತ್ತೇಳೂ ಗೊತ್ತಿದ್ದವು, ನನಗೇ ಎರಡು ತಪ್ಪಿದ್ದವು. ಎಳ್ಳು ಅಮಾವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುವಾಗ ಜೋಳ, ಕಡಲೆ, ಅಗಸೆ, ಕುಸುಬಿ ಒಂದೊಂದರ ಬೇರು ಕಿತ್ತು ತೋರಿಸಿದೆ. ಕಡಲೆಯ ಬೇರಿನ ಗಂಟು ನೋಡಿ ಇದು ರೋಗವೇ ಎಂದು ಕೇಳಿದಳು. ರೋಗವಲ್ಲ ಎಂದೆನಾದರೂ ಹೆದರಿ ಮರುದಿನ ಗ್ರಾಮಸೇವಕರನ್ನು ಕೇಳಿ ಖಾತ್ರಿ ಮಾಡಿಕೊಂಡೆ.

ಅಕ್ಷರಗಳು ಬಂದದ್ದು ಅಂಗಳದಲ್ಲಿ. ಬೆಳಿಗ್ಗೆ ಅವ್ವ ಸಗಣಿ ಸಾರಿಸಿ ರಂಗೋಲಿ ಹಾಕುವಾಗ ಪಕ್ಕದಲ್ಲಿ ರೇಣವ್ವ ಹಿಟ್ಟು ಚಿವುಟಿ 'ಕ' ಬರೆಯುವಳು, 'ಗ' ಬರೆಯುವಳು. ದೀಪಾವಳಿಗೆ ಒತ್ತಕ್ಷರ ಬಂದವು. ಯುಗಾದಿಗೆ ಪಂಚಾಂಗದ ದಪ್ಪ ಅಕ್ಷರಗಳನ್ನು ಬೆರಳಿಟ್ಟು ಓದಿದಳು. ಅವ್ವನೂ ತನ್ನ ಹೆಸರು ಗುರುತು ಹಿಡಿಯತೊಡಗಿದಳು. ನೋಟ್‌ಬುಕ್ಕಿನಲ್ಲಿ ನಾನು ಒಂದೊಂದಕ್ಕೂ ಗುರುತು ಹಾಕುತ್ತ ಬಂದೆ.

ಮರುವರ್ಷ ಕಾರಹುಣ್ಣಿಮೆ ಕಳೆದ ಸೋಮವಾರ ಪರೀಕ್ಷೆ. ಅಣ್ಣನೂ ಬಂದು ಶಾಲೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತ. ಇನ್ನೂ ಗಂಟೆ ಬಾರಿಸಿರಲಿಲ್ಲ. ಗುರಣ್ಣ ಮಾಸ್ತರರು ನಾಲ್ಕನೆಯ ಇಯತ್ತೆಯ ಖಾಲಿ ಕೋಣೆಯಲ್ಲಿ ರೇಣವ್ವನನ್ನು ನಿಲ್ಲಿಸಿದರು. ಮಕ್ಕಳು ಕಿಟಕಿಗೆ ಜೋತುಬಿದ್ದರು.

ಏಳೆಂಟ್ಲೆ ಕೇಳಿದರು, ಐವತ್ತಾರ್ರಿ ಎಂದಳು. ಪುಸ್ತಕದ ನಡುವಿನ ಹಾಳೆ ತೆಗೆದು ಓದಿಸಿದರು, ನಿಧಾನವಾಗಿ ಓದಿದಳು. ಬಿಳಿಜೋಳ ಯಾವಾಗ ಬಿತ್ತುತ್ತಾರೆ ಎಂದರು. ಹಸ್ತ ಮಳೆಗೆ, ಆದರೆ ನಿಮ್ಮ ಹೊಲದಲ್ಲಿ ನೀವು ಹೋದ ವರ್ಷ ತಡ ಮಾಡಿದ್ದಿರಿ ಎಂದಳು. ಮಾಸ್ತರರು ಮೀಸೆಯಲ್ಲೇ ನಕ್ಕರು.

ಆಮೇಲೆ ಸೀಮೆಸುಣ್ಣದ ಖಡು ಕೊಟ್ಟು, ನಮ್ಮ ಊರಿನ ಬಗ್ಗೆ ಎರಡು ಸಾಲು ಕರಿಹಲಗೆಯ ಮೇಲೆ ಬರಿ ಎಂದರು.

ರೇಣವ್ವ ಖಡುವನ್ನು ಉಪ್ಪು ಚಿವುಟಿದ ಹಾಗೆ ಎರಡು ಬೆರಳ ತುದಿಯಲ್ಲಿ ಹಿಡಿದಳು. ಹಲಗೆ ಕಿರ್ ಎಂದಿತು. ಒಂದು ಸೊಟ್ಟ ಗೆರೆ ಎಳೆಯುವಷ್ಟರಲ್ಲಿ ಖಡು ಮುರಿದು ಬಿತ್ತು. ಎತ್ತಿಕೊಂಡು ಮತ್ತೆ ಒತ್ತಿದಳು, ಮತ್ತೆ ಮುರಿಯಿತು.

ಆಗ ನೆನಪಾಯಿತು ನನಗೆ, ಅಟ್ಟದ ಮೇಲಿನ ಪಾಟಿ. ಪಂಚಮಿ ಕಳೆದು ಹತ್ತು ತಿಂಗಳಾದರೂ ನಾನದನ್ನು ಇಳಿಸಿರಲಿಲ್ಲ. ನೋಟ್‌ಬುಕ್ಕಿನ ಅಷ್ಟೂ ಗುರುತುಗಳಲ್ಲಿ ಹುಡುಗಿಯ ಕೈಗೆ ಬಳಪ ಕೊಟ್ಟ ಗುರುತು ಒಂದೂ ಇರಲಿಲ್ಲ.

"ಬರ್ಯಾಕ ಬರಂಗಿಲ್ಲಲ್ಲೋ ಸಿದ್ದರಾಯ," ಎಂದರು ಮಾಸ್ತರರು. "ಬಾಯಿಪಾಠ ಗಿಳಿಗೂ ಬರತೈತಿ."

ಕಿಟಕಿಯಲ್ಲಿ ನಗು ಎದ್ದಿತು. ಕಟ್ಟೆಯ ಮೇಲೆ ಅಣ್ಣ ಎದ್ದು ಕಂಬಳಿ ಕೊಡವಿದ್ದು ಕಂಡಿತು. ತಪ್ಪು ನನ್ನದು, ಅವಳದಲ್ಲ ಎನ್ನಬೇಕೆಂದುಕೊಂಡೆ.

ರೇಣವ್ವ ಯಾರ ಕಡೆಗೂ ನೋಡಲಿಲ್ಲ. ಮುರಿದ ತುಂಡುಗಳನ್ನೆಲ್ಲ ಆಯ್ದುಕೊಂಡು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕುಳಿತು, ಬಾಗಿಲಿಗೆ ಆನಿಸಿದ್ದ ಕಲ್ಲಿನಿಂದ ಜಜ್ಜತೊಡಗಿದಳು.

"ಏ, ಅದು ಸರಕಾರದ್ದು," ಎಂದು ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದರು. ವರ್ಷಕ್ಕೆ ಬರುವ ಖಡುವಿನ ಡಬ್ಬಿಯನ್ನು ಅವರು ಕೀಲಿ ಹಾಕಿ ಇಡುವವರು.

ಅಷ್ಟರಲ್ಲಿ ಪುಡಿ ಅವಳ ಎಡಗೈಯಲ್ಲಿತ್ತು. ಸಗಣಿ ಸಾರಿಸಿದ ನೆಲದ ಮೇಲೆ, ಬಾಗಿಲ ಈ ಕೊನೆಯಿಂದ ಆ ಕೊನೆಯವರೆಗೆ, ಕೈ ಎತ್ತದೆ ಬರೆದಳು: ನಮ್ಮ ಊರು ಮನಗೂಳಿ. ಕೆಳಗೆ ಇನ್ನೊಂದು ಸಾಲು: ಡೋಣಿಯ ನೀರು ಉಪ್ಪು, ಕುರಿ ಕುಡಿಯುವುದಿಲ್ಲ. ಅಕ್ಷರಗಳು ದುಂಡಗೆ, ಒಂದೇ ಅಳತೆಯಲ್ಲಿದ್ದವು. ಪುಡಿ ಇನ್ನೂ ಉಳಿದಿತ್ತೆಂದು ಸುತ್ತ ಒಂದು ಎಳೆ ಬಳ್ಳಿಯನ್ನೂ ಬಿಟ್ಟಳು.

ಮಾಸ್ತರರು ಬಂದು ಬಗ್ಗಿ ಎರಡೂ ಸಾಲು ಓದಿದರು.

"ಎಲ್ಲಾ ಖರೆ. ನೋಟ್‌ಬುಕ್ಕಿನ್ಯಾಗ ರಂಗೋಲಿ ಹಾಕಾಕ ಬರೂದಿಲ್ಲವ್ವ," ಎಂದರು.

"ಬಳಪ ಕೈಗೆ ಕೂಡೂತನಕ ತಡೀರಿ," ಎಂದಳು ರೇಣವ್ವ. "ಕುರಿ ಉಣ್ಣೆ ಕತ್ತರಸೂದು ಒಂದು ತಿಂಗಳದಾಗ ಕಲತೇನ್ರಿ. ಇದೇನು ಅದಕ್ಕಿಂತ ದೊಡ್ಡದೈತೇನ್ರಿ?"

ನನಗೂ ಆಗ ಬಾಯಿ ಬಂತು. ಬಳಪ ಕಲಿಸದೆ ಬಿಟ್ಟದ್ದು ನನ್ನ ತಪ್ಪು, ದಿನಾ ಸಂಜೆ ಕೂಡಿಸಿ ಬರೆಸುತ್ತೇನೆ ಎಂದೆ. ಮಾಸ್ತರರು ದಸರೆಯವರೆಗೆ ನಾಲ್ಕನೆಯ ಇಯತ್ತೆಯಲ್ಲಿ ಕೂಡಲಿ, ಅಷ್ಟರಲ್ಲಿ ಕೈ ಕುದುರದಿದ್ದರೆ ಎರಡನೆಯದಕ್ಕೆ ಇಳಿಸುತ್ತೇನೆ ಎಂದರು. ಅಣ್ಣನ ಕಡೆ ನೋಡಿದೆ. ಅವನು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಹಂಗಾದರೆ ದಸರೆಗೆ ಬರ್ತೇನಿ ಎಂದಷ್ಟೇ ಹೇಳಿ ಹಿಂಡಿನ ದಾರಿ ಹಿಡಿದ.

ಗಂಟೆ ಬಡಿಯಿತು. ಮಕ್ಕಳು ಓಡಿ ಬಂದವರು ಬಾಗಿಲಲ್ಲಿ ಗಕ್ಕನೆ ನಿಂತರು. ಯಾರೂ ಹೇಳಲಿಲ್ಲ, ಆದರೂ ಒಬ್ಬರೂ ಅದರ ಮೇಲೆ ಕಾಲಿಡಲಿಲ್ಲ. ಚೌಕಟ್ಟಿಗೆ ಬೆನ್ನು ಒತ್ತಿ, ಒಬ್ಬೊಬ್ಬರಾಗಿ ಅಡ್ಡಡ್ಡ ಸರಿದು ಒಳಗೆ ಹೋದರು. ಹಾಜರಿ ಪುಸ್ತಕ ತರಲು ಹೋಗಿದ್ದ ಮಾಸ್ತರರೂ ಧೋತರ ಎತ್ತಿ ಹಿಡಿದು ಹಾಗೆಯೇ ಸರಿದು ಬಂದರು.

ಹುಟ್ಟಿದ ದಿನ ಕೇಳಿದರು. ಹಿಂಡು ಇಂಡಿ ತಾಲೂಕಿನ ಕಡೆ ಇದ್ದಾಗ ಎಂಬುದು ಬಿಟ್ಟು ನನಗೆ ತಿಳಿಯದು. ಎಲ್ಲರಿಗೂ ಬರೆಯುವಂತೆ ಜೂನ್ ಒಂದು ಎಂದು ಬರೆದುಕೊಂಡರು. ಹುಡುಗಿಯರ ಸಾಲಿನಲ್ಲಿ ಸೀತವ್ವ ಎಂಬವಳು ತನ್ನ ಚೀಲ ಮಡಿಲಿಗೆ ಎಳೆದುಕೊಂಡು ಜಾಗ ಬಿಟ್ಟಳು, ರೇಣವ್ವ ಬಿಳಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹೋಗಿ ಕುಳಿತಳು.