ಎಂಟನೇ ಇನ್ನಿಂಗ್ಸ್‌ನ ಬೆಂಚು

ಎಲ್ಲಿಂದ ಶುರುಮಾಡಲಿ? ಸ್ಕೋರಿನಿಂದ ಎಂದರೆ ಕಥೆ ಒಂದೇ ಸಾಲಿಗೆ ಮುಗಿದುಹೋಗುತ್ತದೆ: ಎಂಟು ಇನ್ನಿಂಗ್ಸ್, ಒಂದು–ಸೊನ್ನೆ. ಬಿಸಿಲಿನಿಂದ ಎಂದರೆ, ಸೌದಿಯ ದಹ್ರಾನ್‌ನ ಸೆಪ್ಟೆಂಬರ್ ಬಿಸಿಲು ನಿಮಗೆ ಗೊತ್ತೇ ಇರುತ್ತದೆ. (ಗೊತ್ತಿಲ್ಲದವರು ಒಲೆ ಮುಂದೆ ಕೂತು ಓದಿ.)

೧
ಮೊದಲ ಡ್ರಾಫ್ಟ್ ಹರಿದುಹಾಕಿದೆ. ಅದರಲ್ಲಿ ಬೇಸ್‌ಬಾಲ್ ನಿಯಮಗಳೇ ಎರಡು ಪುಟ. ನಿಮಗೆ ಇಷ್ಟು ಸಾಕು: ವೃತ್ತಿಪರ ಲೀಗಿನ ಪಂದ್ಯ. ಔರೆಲಿಯೊ ಎಂಬ ಪಿಚರ್ ಚೆಂಡು ಎಸೆಯುತ್ತಾನೆ, ಎದುರಾಳಿಗಳು ಬ್ಯಾಟು ಬೀಸುತ್ತಾರೆ, ಈವರೆಗೆ ಒಬ್ಬನಿಗೂ ಒಂದು ಹಿಟ್ ಸಿಕ್ಕಿಲ್ಲ. ಒಂಬತ್ತರಲ್ಲಿ ಎಂಟು ಇನ್ನಿಂಗ್ಸ್ ಮುಗಿದಿವೆ, ಇನ್ನು ಮೂವರು ಔಟಾದರೆ ದಾಖಲೆ.

೨
ಸ್ಕೋರ್ ಬೋರ್ಡಿಗೆ ಅಂಕಿಯ ಹಲಗೆ ತೂಗುಹಾಕುವವನು ಉಪ್ಪಿನಂಗಡಿಯ ಉಝೈರ್. ಊರಲ್ಲಿ ಕ್ರಿಕೆಟ್ ಸ್ಕೋರ್ ಬರೆದವನಿಗೆ ಇದೆಂಥ ಮಹಾ ಕೆಲಸ ಎಂದು ಸೂಪರ್‌ವೈಸರ್ ಕರೆತಂದಿದ್ದ. ಪಿಚರ್ ಬೆಂಚಿಗೆ ಬಂದು ಕೂತಾಗಲೆಲ್ಲ ತಂಡದವರು ಎದ್ದು ದೂರ ಸರಿಯುವುದನ್ನು ಉಝೈರ್ ನೋಡಿದ. ಯಾರೂ ಅವನ ಮುಖ ನೋಡುತ್ತಿರಲಿಲ್ಲ. ನೀರಿನ ಬಾಟಲಿ ಕೂಡ ಅವನನ್ನು ದಾಟಿ ಹೋಗುತ್ತಿತ್ತು. ಈ ಮನುಷ್ಯ ತನಗೊಬ್ಬನಿಗೇ ಕಾಣುತ್ತಿದ್ದಾನೋ ಎಂದು ಉಝೈರ್‌ನ ಮೈ ಜುಮ್ಮೆಂದಿತು. ಭಯ ಕಳೆಯಲು ಕುರಾನಿನ ಆಯತುಲ್ ಕುರ್ಸಿ ಓದಿಕೊಂಡ.

೩
(ಇಲ್ಲಿ ಜಿನ್ನ್ ಕಥೆ ಮಾಡೋಣ ಎಂದಿದ್ದೆ. ಉಝೈರ್ ಒಪ್ಪಲಿಲ್ಲ.) ಸೂಪರ್‌ವೈಸರ್ ನಕ್ಕು, ಇದು ಈ ಆಟದ ಪದ್ಧತಿ ಎಂದ. ಹಿಟ್ ಕೊಡದೆ ಸಾಗುತ್ತಿರುವ ಪಿಚರನ್ನು ಮಾತಾಡಿಸಿದರೆ ಅದೃಷ್ಟ ಮುರಿಯುತ್ತದಂತೆ. ಹತ್ತಿರ ಸುಳಿದರೆ ನಾಳೆಯಿಂದ ಬರಬೇಡ ಎಂದೂ ಸೇರಿಸಿದ.

೪
ಆದರೆ ಆರನೇ ಇನ್ನಿಂಗ್ಸ್‌ವರೆಗೆ ತೊಯ್ದಿದ್ದ ಪಿಚರನ ಅಂಗಿ ಈಗ ಒಣಗಿತ್ತು. ಬಿಸಿಲು ಬಡಿದವರಿಗೆ ಆಗುವ ಹಾಗೆ ಬೆವರು ನಿಂತಿತ್ತು. ಎರಡು ವರ್ಷದ ಹಿಂದೆ ಜುಬೈಲ್ ಕಾರ್ಮಿಕ ಕ್ಯಾಂಪಿನ ರೂಮಿಗೆ ಉಝೈರನ ಜೊತೆಗಾರ ನಿಝಾಮುದ್ದೀನ್ ಕೆಲಸದಿಂದ ಹೀಗೆಯೇ ಒಣಗಿದ ಅಂಗಿಯಲ್ಲಿ ಬಂದು ಮಂಚದ ಮೇಲೆ ಕೂತಿದ್ದ. ಸುಸ್ತಾಗಿದ್ದಾನೆ, ಮಾತಾಡಿಸಬೇಡಿ ಎಂದರು ರೂಮಿನವರು. ಆಮೇಲೆ ಮಾತಾಡಿಸಿದರೆ ಅವನು ಮಾತಾಡಲಿಲ್ಲ.

೫
ಮುಕ್ತಾಯ ಎರಡಿವೆ, ಆರಿಸಿಕೊಳ್ಳಿ.
ಅ) ಉಝೈರ್ ನೀರು ಕೊಡುತ್ತಾನೆ. ದಾಖಲೆ ಹೋಗುತ್ತದೆ, ಕೆಲಸವೂ ಹೋಗುತ್ತದೆ, ಪಿಚರ್ ಉಳಿಯುತ್ತಾನೆ.
ಆ) ಕೊಡುವುದಿಲ್ಲ. ದಾಖಲೆಯಾಗುತ್ತದೆ. ಓಡಿಬಂದು ಅಪ್ಪಿಕೊಂಡವರು ಅವನ ಮೈಯ ಕಾವಿಗೆ ಸುಟ್ಟಂತಾಗಿ ಹಿಂದೆ ಸರಿಯುತ್ತಾರೆ. (ನನಗೆ ಇದೇ ಇಷ್ಟ. ಕಥೆಗಾರರ ಬುದ್ಧಿ.)

“ಎರಡೂ ಬೇಡ ಮಾರಾಯ,” ಎಂದ ಉಝೈರ್. “ಆ ದಿನ ರೂಮಲ್ಲಿ ಮಾತಾಡಿಸಬೇಡಿ ಅಂತ ಹೇಳಿದ್ದು ಯಾರು, ಅದನ್ನು ಬರಿ.”

(ರೂಮಿನಲ್ಲಿ ಮೂರು ಮಂಚ ಇದ್ದವು. ಒಂದು ಉಝೈರನದು, ಒಂದು ನಿಝಾಮುದ್ದೀನನದು, ಮೂರನೆಯದು ನನ್ನದು. ಬರೆದೆ. ಆಯಿತಲ್ಲ?)

೬
ಉಝೈರ್ ಏಣಿ ಇಳಿದ. ಒಂದು ಕೈಯಲ್ಲಿ ಸೊನ್ನೆಯ ಹಲಗೆ, ಇನ್ನೊಂದರಲ್ಲಿ ನೀರು. ಸೂಪರ್‌ವೈಸರ್ ಕೂಗಿದ್ದು ಅವನಿಗೆ ಕೇಳಿಸಿತು, ನಿಲ್ಲಲಿಲ್ಲ. ಪಿಚರ್ ತಲೆಯೆತ್ತದೆ, ಎಲ್ಲಿಯದೋ ದೇಶದವನು, ನಮ್ಮ ಕರಾವಳಿಯ ಕನ್ನಡದಲ್ಲಿ ಹೇಳಿದ: “ಎಂತ ಇಲ್ಲ, ಸ್ವಲ್ಪ ಸುಸ್ತು. ನೀವು ಊಟ ಮಾಡಿ.”

ಈ ಸಾಲು ನಾನು ಬರೆದದ್ದಲ್ಲ. ಅಳಿಸಿದೆ, ಮತ್ತೆ ಬಂತು. ನನಗೆ ಹೆದರಿಕೆಯಾಗುತ್ತಿದೆ. ಆ ದಿನ ನಿಝಾಮುದ್ದೀನ್ ಇದನ್ನೇ ಹೇಳಿದ್ದ. ನಾವು ಊಟ ಮಾಡಿದೆವು, ಬಂಗುಡೆ ಸಾರಿತ್ತು.

ಉಝೈರ್ ಬಾಟಲಿಯನ್ನು ನನ್ನ ಕಡೆ ಚಾಚಿದ. “ನಾನು ಕೆಲಸ ಕಳೆದುಕೊಂಡಾಯಿತು. ಇನ್ನು ನೀನು ಮಾತಾಡಿಸು.”

ಒಂಬತ್ತನೇ ಇನ್ನಿಂಗ್ಸ್ ಶುರುವಾಗಲು ನಾನು ಬಿಡುವುದಿಲ್ಲ. ಸ್ಕೋರು ಒಂದು–ಸೊನ್ನೆಯೇ ಇರಲಿ. ಬೆಂಚಿನ ಮೇಲೆ ಅವನ ಪಕ್ಕ ಕೂತಿದ್ದೇನೆ. “ನಿಝಾಮ್, ನೀರು ಕುಡಿ,” ಎಂದೆ.

ಅವನು ಇನ್ನೂ ಕೈ ಚಾಚಿಲ್ಲ.